ಸಾಕೆನ್ನದ ಅಣ್ಣನಿಗೆ ಬಡಿಸಿದ ತುಪ್ಪ

ಅಣ್ಣನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಜಯನಗರದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ರಕ್ತದಲ್ಲಿನ ಕೊಲೆಸ್ಟ್ರಾಲ್ ಇಳಿಯಬೇಕು, ಇಲ್ಲದಿದ್ದರೆ ಇನ್ನೊಂದು ನಾಳವೂ ಕಟ್ಟಿಕೊಳ್ಳುತ್ತದೆ. ಅದಕ್ಕೆ ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ, ಜೀವ ಇರುವವರೆಗೂ. ತುಪ್ಪ, ಬೆಣ್ಣೆ ಬಂದ್. ಮಾತು ಅಣ್ಣನಿಗೆ, ಆದರೆ ಅವರು ನೋಡಿದ್ದು ನನ್ನ ಮುಖವನ್ನು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಸುದ್ದಗುಂಟೆಪಾಳ್ಯದ ನನ್ನ ಮನೆಯಲ್ಲೇ ಇದ್ದ. ನಾನು ಅಲ್ಲಿ ರೊಟ್ಟಿ ಬಡಿದು, ಬಿಟಿಎಂನಲ್ಲಿ ಬಾಡಿಗೆಗಿರುವ ನಮ್ಮ ಉತ್ತರ ಕರ್ನಾಟಕದ ಕಡೆಯವರಿಗೆ ಮಾರುತ್ತೇನೆ.

ಅಣ್ಣ ಮಾತ್ರೆಯನ್ನು ತಾನಾಗಿ ಎತ್ತಿಕೊಳ್ಳುವ ಗಂಡಸಲ್ಲ. ನೀರಿನ ಲೋಟವೂ ಕೈಗೇ ಬರಬೇಕು. ನಮ್ಮ ಮನೆತನದ ರೀತಿಯೇ ಹಾಗೆ. ಗಂಡಸರು ಮುಂದಿಟ್ಟದ್ದನ್ನು ತಿನ್ನುತ್ತಾರೆ, ಇಡದಿದ್ದನ್ನು ಕೇಳುವುದಿಲ್ಲ. ಉಣ್ಣುವವನು ಸಾಕು ಅನ್ನುವವರೆಗೆ ಬಡಿಸುವವಳು ಕೈ ಹಿಂತೆಗೆಯುವಂತಿಲ್ಲ. ಇದನ್ನೆಲ್ಲ ಅವ್ವ ನನಗೆ ಕಲಿಸಿದ್ದು ಐದನೇ ತರಗತಿಗೇ ಶಾಲೆ ಬಿಡಿಸಿದಾಗ. ಧಾರವಾಡದಲ್ಲಿ ಓದುತ್ತಿದ್ದ ಅಣ್ಣನ ಕೋಣೆಗೆ ನನ್ನನ್ನು ರೊಟ್ಟಿ ಬಡಿಯಲು ಕಳಿಸಿದರು. ಅವನು ಪುಸ್ತಕ ತೆರೆದು ಕೂತಿದ್ದ, ನಾನು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ನನ್ನ ಶಾಲೆಯ ಮಾತನ್ನು ಅವನು ಆಮೇಲೆ ಎತ್ತಿದ್ದು ನಗಾಡುವುದಕ್ಕೆ ಮಾತ್ರ.

ಮೊದಮೊದಲು ನಾನು ಡಾಕ್ಟರು ಹೇಳಿದಂತೆಯೇ ನಡೆದೆ. ಒಂದು ಭಾನುವಾರ ಜೆ.ಪಿ. ನಗರದಿಂದ ಅವನ ಹಳೆಯ ಆಫೀಸಿನ ಗೆಳೆಯರು ನೋಡಲು ಬಂದರು. ಹೋಳಿಗೆ ಮಾಡಿದ್ದೆ. ಗೆಳೆಯರಿಗೆ ತುಪ್ಪ ಹಾಕಿ ಅಣ್ಣನ ತಟ್ಟೆ ದಾಟಿ ಹೋದೆ.

"ನನಗೆಲ್ಲಿ?" ಅಂದ.

"ಡಾಕ್ಟರು ಬ್ಯಾಡ ಅಂದಾರಲ್ಲ."

"ನೋಡ್ರಿ, ನಮ್ಮನ್ಯಾಗ ಒಬ್ಬಾಕಿ ಸ್ಪೆಷಲಿಸ್ಟ್ ಅದಾಳ. ಐದನೇತ್ತಾ ಪಾಸು!"

"ಬಿಡಿ ಗುರುಗಳೇ, ಫೀಸಿಲ್ಲದ ಡಾಕ್ಟ್ರು ಸಿಕ್ಕಿದಾರೆ ನಿಮ್ಗೆ," ಅಂದ ಒಬ್ಬ ಗೆಳೆಯ. ಎಲ್ಲರೂ ನಕ್ಕರು.

"ಓದಿದವರ ವಿಚಾರ ಓದಿದವರಿಗೆ ಬಿಡವ್ವಾ. ಹಾಕು."

ಹಾಕಿದೆ. ಅವನ ಮುಖ ನೋಡುತ್ತಾ ಹಾಕಿದೆ. ಹೋಳಿಗೆ ತೊಯ್ದು ತುಪ್ಪ ತಟ್ಟೆಯ ಅಂಚಿಗೆ ಬಂತು. ಗೆಳೆಯರ ಮುಂದೆ ಅವನು ಸಾಕು ಅನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ. ನನಗೆ ಹಿತವಾಯಿತು. ಬಹಳ ವರ್ಷ ಕಾದಿದ್ದ ಊಟ ನನಗೂ ಸಿಕ್ಕಂತಾಯಿತು.

ಅಂದಿನಿಂದ ದಿನಾ ಬಿಸಿ ಅನ್ನಕ್ಕೆ ತುಪ್ಪ, ರೊಟ್ಟಿಗೆ ಬೆಣ್ಣೆ. ಮಾತ್ರೆಯನ್ನು ಮಾತ್ರ ಮುಂದಿಡುವುದನ್ನು ಬಿಟ್ಟೆ. ಅದು ಬೆಲ್ಲದ ಡಬ್ಬಿಯ ಪಕ್ಕದಲ್ಲೇ ಇತ್ತು. ಕೇಳಿದರೆ ಕೊಡೋಣ ಅಂದುಕೊಂಡೆ. ಅವನು ಕೇಳುವವನಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಿಗ್ಗೆ ಪೂಜೆಗೆ ಕೂತು ಅಂಗೈ ಮೇಲೆ ಲಿಂಗ ಇಟ್ಟುಕೊಂಡಾಗಲೂ ಇದು ತಪ್ಪು ಅನ್ನಿಸಲಿಲ್ಲ. ಈಗ ನೆನೆದರೆ ಅದಕ್ಕೇ ಹೆದರಿಕೆಯಾಗುತ್ತದೆ.

ಮೆಟ್ಟಿಲು ಹತ್ತುವಾಗ ಅವನು ಎದೆ ಹಿಡಿದುಕೊಂಡು ನಿಲ್ಲತೊಡಗಿದ. ಗ್ಯಾಸು ಅಂದ. ಅಲ್ಲವೆಂದು ನನಗೆ ಗೊತ್ತಿತ್ತು. ಆದರೂ ಓಮದ ನೀರು ಕೊಟ್ಟೆ.

ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. "ಏನ್ ಸಾರ್ ಇದು, ಮುಂಚೆಗಿಂತ ಜಾಸ್ತಿ ಆಗಿದೆ! ಮಾತ್ರೆ ತಗೋತಿದೀರಾ ತಾನೆ?"

"ತಂಗಿ ಕೊಟ್ಟದ್ದೆಲ್ಲಾ ತಗೋತೀನ್ರಿ. ಆಕಿ ಒಂದೂ ತಪ್ಪಸಂಗಿಲ್ಲ," ಅಂದ ಅಣ್ಣ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ತಾನು ಏನು ನುಂಗುತ್ತಿದ್ದೇನೆ, ಏನಿಲ್ಲ ಎಂಬುದೂ ಅವನಿಗೆ ತಿಳಿದಿರಲಿಲ್ಲ. ಎಲ್ಲ ನನ್ನ ಕೈಯಲ್ಲಿತ್ತು.

"ಹಾಗಾದ್ರೆ ಈ ಡೋಸ್ ಸಾಲ್ತಿಲ್ಲ. ಜಾಸ್ತಿ ಮಾಡ್ತೀನಿ, ಜೊತೆಗೆ ಇನ್ನೊಂದು ಮಾತ್ರೆನೂ ಬರೀತೀನಿ."

ಅವರು ಪೆನ್ನು ಎತ್ತಿಕೊಂಡರು. ಸುಮ್ಮನಿದ್ದರೆ ನನ್ನ ಸೇಡು ಅಣ್ಣನ ಮೈಯೊಳಗೆ ಹೊಸ ಮಾತ್ರೆಯಾಗಿ ಇಳಿಯುತ್ತಿತ್ತು.

"ಮಾತ್ರೆ ನಾ ಕೊಟ್ಟಿಲ್ರಿ," ಅಂದೆ. "ತುಪ್ಪ ಕೊಟ್ಟೀನಿ."

"ಮರ್ತೋಯ್ತಾ ಅಮ್ಮಾ?"

"ಇಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೆಟ್ಟಿಲ ಮೇಲಿನ ಎದೆನೋವನ್ನೂ ಹೇಳಿದೆ, ಅದಕ್ಕೆ ಬೇರೆ ಪರೀಕ್ಷೆ ಬರೆದರು. ಮೊದಲು ಕೊಟ್ಟ ಮಾತ್ರೆಯನ್ನೇ ತಪ್ಪದೆ ನುಂಗಿ, ಆಮೇಲೆ ನೋಡೋಣ ಅಂದರು. ನನ್ನ ಕಡೆ ಮತ್ತೆ ನೋಡಲಿಲ್ಲ.

ಆಟೋದಲ್ಲಿ ಅಣ್ಣ ಕೇಳಿದ. "ನನ್ನ ಕೊಲ್ಲಾಕ ನಿಂತಿದ್ದೇನು?"

"ನೀ ಯಾವಾಗ ಸಾಕಂತೀ ಅಂತ ನೋಡಾಕತ್ತಿದ್ದೆ."

ರಾತ್ರಿ ರೊಟ್ಟಿ, ಪಲ್ಯ ಬಡಿಸಿ ಕೂತೆ. ಊಟ ಮುಗಿಸಿ ಅವನು ಕಾದ. ನಾನು ಏಳಲಿಲ್ಲ.

"ಮಾತ್ರಿ?" ಅಂದ ಕೊನೆಗೆ.

"ಬೆಲ್ಲದ ಡಬ್ಬಿ ಬಾಜೂಕ ಐತಿ."

ಎದ್ದು ಹೋದ. ನೀರು ತುಂಬಿಕೊಂಡ. ಮಾತ್ರೆ ಕೈಯಲ್ಲಿ ಹಿಡಿದು ತಿರುಗಿ ಕೇಳಿದ, "ಒಂದೋ, ಎರಡೋ?"

"ಒಂದು. ಸಾಕು."

ನುಂಗಿದ. ಖಾಲಿ ಲೋಟವನ್ನು ತೊಳೆಯಲೆಂದು ನನ್ನ ಮುಂದಿಟ್ಟು ಹೋದ. ಅದು ಬೆಳಗಿನವರೆಗೂ ಅಲ್ಲೇ ಇತ್ತು.