ಸೆವರಿನ್ ಮಾಸ್ಟ್ರ ಎಸ್

ಮಣ್ಣಗುಡ್ಡದ ಓಣಿಗಳಲ್ಲಿ ಮಕ್ಕಳು ಬಟ್ಟೆಚೀಲದ ಮೇಲೆ ಸೀಮೆಸುಣ್ಣದ ದೊಡ್ಡ ಎಸ್ ಅಕ್ಷರ ಹೊತ್ತು ಮನೆಗೆ ನಡೆದರೆ, ಅಂದು ಸೆವರಿನ್ ಮಾಸ್ಟ್ರ ಇಂಗ್ಲಿಷ್ ಕ್ಲಾಸಿತ್ತೆಂದು ಮೀನು ಮಾರುವ ಹೆಂಗಸರಿಗೂ ಗೊತ್ತಾಗುತ್ತಿತ್ತು. 'ಹಿ ಗೋ' ಎಂದು ಬರೆದವರು ಬಿಟ್ಟ ಎಸ್ಸನ್ನು ಮಾಸ್ಟ್ರು ಅವರ ಚೀಲದ ಮೇಲೆ ಬರೆದು ಕಳುಹಿಸುತ್ತಿದ್ದರು. ಮನೆ ಮುಟ್ಟುವ ತನಕ ಒರಸುವ ಹಾಗಿಲ್ಲ. "ಒಬ್ಬ ಹೋದರೆ ಎಸ್ ಬೇಕು, ಹತ್ತು ಮಂದಿ ಹೋದರೆ ಬೇಡ. ಎಂತಕ್ಕೆ ಅಂತ ನನ್ನತ್ರ ಕೇಳಬೇಡಿ, ಬ್ರಿಟಿಷರೇ ಹೇಳದೆ ಹಡಗು ಹತ್ತಿದ್ದಾರೆ," ಎನ್ನುತ್ತಿದ್ದರು. ಇಗರ್ಜಿಯಲ್ಲಿ ಪಾದ್ರಿಗಳು ಅಪರೂಪಕ್ಕೆ ಇಂಗ್ಲಿಷಿನಲ್ಲಿ ಪ್ರಸಂಗ ಮಾಡಿದರೆ ಮಾಸ್ಟ್ರು ಮೊದಲ ಬೆಂಚಿನಲ್ಲಿ ಕೂತು ಬೆರಳು ಮಡಚುತ್ತಿದ್ದರು. ಅದು ಜಪದ ಲೆಕ್ಕವಲ್ಲವೆಂದು ಪಾದ್ರಿಗಳಿಗೂ ಗೊತ್ತಿತ್ತು. ಹತ್ತನೇ ಕ್ಲಾಸಿನ ಕುಶಲಾಳ ಚೀಲದ ಎಸ್ ಅಂತೂ ಇವತ್ತು ಒಗೆದರೆ ನಾಳೆ ಮತ್ತೆ ಬರುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವರ ನಂಬರುಗಳು ಪೇಪರಿನಲ್ಲಿ ಬಂದ ದಿನ ಅವಳದ್ದು ಇರಲಿಲ್ಲ. ಯಾವ ಸಬ್ಜೆಕ್ಟಿನಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಪಾಸಾದವರು ತಂದ ಲಾಡು ಹಾಗೇ ಬಿಟ್ಟು ಮಾಸ್ಟ್ರು ನೇರ ಅವಳ ಮನೆಯ ಜಗಲಿಗೆ ಬಂದರು. ಕುಶಲಾ ಅಭ್ಯಾಸಬಲದಿಂದ, ಮೊಳೆಗೆ ತೂಗಿದ್ದ ಚೀಲಕ್ಕೆ ಅಡ್ಡ ನಿಂತಳು. ಮಾಸ್ಟ್ರು ಕೋಟಿನ ಒಳಜೇಬಿನಿಂದ ಹಳದಿಗಟ್ಟಿದ ಪೇಪರಿನ ತುಂಡು ತೆಗೆದು ಕೊಟ್ಟರು. ಅದೂ ಪಾಸಾದವರ ಪಟ್ಟಿಯೇ, ಮೂವತ್ತೈದು ವರ್ಷ ಹಳೆಯದು. "ಏಳುನೂರ ಹನ್ನೆರಡು ಉಂಟಾ ನೋಡು." ಅವಳು ಬೆರಳಿಟ್ಟು ಎರಡು ಸಲ ಹುಡುಕಿದಳು. "ಇಲ್ಲ ಸರ್." "ನಾನೂ ಆವತ್ತಿಂದ ಹುಡುಕ್ತಾ ಇದ್ದೇನೆ," ಎಂದರು ಮಾಸ್ಟ್ರು. "ಅದು ನನ್ನ ನಂಬರು. ನಾಳೆ ಏಳು ಗಂಟೆಗೆ ಪುಸ್ತಕ ಹಿಡಿದು ಬಾ."