ಹದಿಮೂರು ಮನೆಗಳ ನಕ್ಷೆ

ಗಂಗಾ, ಆ ದಸರೆಯಲ್ಲಿ ನಿಮ್ಮ ಮನೆಯ ಬೊಂಬೆ ನೋಡಲು ಯಾರೂ ಬರದಂತೆ ಮಾಡಿದವಳು ನಾನು. ಅರವತ್ತು ವರ್ಷದ ಮೇಲೆ ನೀನು ಕೇಳಿದಾಗ ನೆನಪಿಲ್ಲ ಎಂದವಳೂ ನಾನೇ. ಮೊದಲನೆಯದನ್ನು ಮಾಡಿದಾಗ ಹತ್ತು ವರ್ಷದವಳಿದ್ದೆ. ಎರಡನೆಯದಕ್ಕೆ ಆ ನೆಪವೂ ಇಲ್ಲ.

ಜಯನಗರದ ನಮ್ಮ ಕ್ರಾಸಿನಲ್ಲಿ ಬೆಳೆದವರೆಲ್ಲ ಸೇರಿ ನೆನಪಿನ ಪುಸ್ತಕ ಮಾಡುತ್ತಿರುವುದು ನಿನಗೆ ಗೊತ್ತು. ಹಳೆಯ ಮನೆ ಒಂದೂ ಉಳಿದಿಲ್ಲ. ಫೋಟೊ ತೆಗೆಸುವ ಅನುಕೂಲ ಆಗ ಯಾರಿಗಿತ್ತು? ಹಾಗಾಗಿ ಆ ಕಾಲದ ಕ್ರಾಸಿನ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದುಕೊಟ್ಟೆ — ಯಾರ ಗೇಟು ಓರೆ, ಯಾರ ಕಾಂಪೌಂಡಿನಲ್ಲಿ ಸಂಪಿಗೆ ಗಿಡ, ಬೀದಿಯ ನೀರಿನ ನಲ್ಲಿ ಎಲ್ಲಿ, ಸರೋಜಮ್ಮನವರ ಹಸು ಯಾವ ಕಂಬಕ್ಕೆ. "ಪದ್ಮಂಗೆ ಏನ್ ಜ್ಞಾಪಕ ಅಂತೀರಿ" ಎಂದರು ಎಲ್ಲರೂ. ನಾನು ಬಾಯಿ ಮುಚ್ಚಿಕೊಂಡು ಹೊಗಳಿಸಿಕೊಂಡೆ. ಆ ನಕ್ಷೆ ನನ್ನದಲ್ಲ, ನಿಮ್ಮವ್ವನದು.

ಇದನ್ನು ಓದುವ ಬೇರೆಯವರಿಗಾಗಿ ಸ್ವಲ್ಪ ಹೇಳಬೇಕು. ಆಗ ಜಯನಗರವೆಂದರೆ ಅರ್ಧ ಮನೆ, ಅರ್ಧ ಬಯಲು. ನಮ್ಮ ಕ್ರಾಸಿನಲ್ಲಿ ಇದ್ದದ್ದೇ ಹದಿಮೂರು ಮನೆ. ಗಂಗಾಳ ಅಪ್ಪ ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ಅವರ ಮನೆಯಲ್ಲಿ ದಸರೆಗೆ ಬೊಂಬೆ ಕೂರಿಸುವ ಪದ್ಧತಿಯಿರಲಿಲ್ಲ. ಎರಡು ವರ್ಷ ಎಲ್ಲರ ಮನೆಗೂ ಬಂದು, ಬೊಂಬೆ ನೋಡಿ, ಕುಂಕುಮ ಇಡಿಸಿಕೊಂಡು ಹೋದ ಅವಳ ತಾಯಿ ಮೂರನೆಯ ವರ್ಷ ತಾವೂ ಕೂರಿಸಿದರು. ಅವತ್ತು ಬೆಳಿಗ್ಗೆ ಗಂಗಾ ತಾನೇ ಹೊಸ ಲಂಗ ಉಟ್ಟು ಮನೆಮನೆಗೂ ಹೋಗಿ ಅರಿಶಿನ ಕುಂಕುಮಕ್ಕೆ ಕರೆದು ಬಂದಿದ್ದಳು.

ಆ ಮಧ್ಯಾಹ್ನ ನೀನು ನನ್ನೊಬ್ಬಳನ್ನು ಮೊದಲೇ ಒಳಗೆ ಕರೆದುಕೊಂಡು ಹೋದೆ. ಗೆಳತಿ ಎಂದು. ಮೆಟ್ಟಿಲಿನ ಮೇಲೆ ರಾಜ ರಾಣಿ ಇದ್ದರು, ಅಂಥವು ನಮ್ಮನೆಯಲ್ಲೂ ಇದ್ದವು. ಆದರೆ ಕೆಳಗೆ, ನೆಲದ ಮೇಲೆ, ನಮ್ಮ ಇಡೀ ಕ್ರಾಸು! ಬೊಂಬೆಗಳ ಮುಂದೆ ಎಲ್ಲರೂ ಆಟಿಕೆಯ ಪಾರ್ಕು ಮಾಡುವ ಜಾಗದಲ್ಲಿ ನಿಮ್ಮವ್ವ ರಟ್ಟಿನಲ್ಲಿ, ಬೆಂಕಿಪೊಟ್ಟಣದಲ್ಲಿ ಹದಿಮೂರು ಮನೆ ಮಾಡಿದ್ದರು. ಖಾಲಿ ಸೈಟುಗಳಲ್ಲಿ ಮೊಳಕೆ ಬಂದ ರಾಗಿ. ಪೊರಕೆಕಡ್ಡಿಯ ಲೈಟುಕಂಬ. ಹೆಂಗಸರೆಲ್ಲ ಬಂದು ತಮ್ಮ ತಮ್ಮ ಮನೆ ಹುಡುಕಬೇಕು, ನಗಬೇಕು — ಅವರ ಆಸೆ ಅದು. ಎರಡು ವರ್ಷದಲ್ಲಿ ಅವರ ಮಾತಿನ ಧಾಟಿ ಅಣಕಿಸಿದ್ದು ಬಿಟ್ಟರೆ ನಾವು ಅವರನ್ನು ಎಷ್ಟು ನೋಡಿದ್ದೆವೋ ಕಾಣೆ. ಅವರು ನಮ್ಮ ಒಂದೊಂದು ಗೇಟನ್ನೂ ನೋಡಿಟ್ಟುಕೊಂಡಿದ್ದರು.

"ಇದು ನಿಮ್ಮ ಮನಿ ನೋಡವಾ. ಗುರ್ತು ಸಿಕ್ತೇನು?" ಎಂದರು.

ಸಿಕ್ಕಿತು. ಇಡೀ ಕ್ರಾಸಿನಲ್ಲಿ ಗಾರೆ ಕಾಣದ ಮನೆ ನಮ್ಮದೊಂದೇ. ಅಪ್ಪ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಇದ್ದರು. ನಿಮ್ಮವ್ವ ಆ ಇಟ್ಟಿಗೆಗಳನ್ನು ಒಂದೊಂದಾಗಿ, ಕೆಂಪು ಗೆರೆಯಲ್ಲಿ, ಎಷ್ಟು ಅಕ್ಕರೆಯಿಂದ ಬರೆದಿದ್ದರು ಎಂದು ಈಗ ತಿಳಿಯುತ್ತದೆ. ಅವತ್ತು ಕಂಡದ್ದು ಒಂದೇ — ಸಂಜೆ ಎಲ್ಲರೂ ಬಂದು ಇದನ್ನು ತೋರಿಸಿಕೊಂಡು ನಗುತ್ತಾರೆ. ಕೈಗೆ ಕೊಟ್ಟ ರವೆಉಂಡೆ ತಿಂದೆ, ಅದನ್ನೂ ಬಿಡಲಿಲ್ಲ. ತಿಂದು, ಬಾಯಿ ಒರೆಸಿಕೊಂಡು, ಸೀದಾ ಪಕ್ಕದ ಮನೆಗೆ ಹೋದೆ.

"ಗಂಗನ ಮನೇಲಿ ಸೂತಕವಂತೆ. ಸಂಜೆ ಯಾರೂ ಬರ್ಬಾರ್ದಂತೆ."

ಹನ್ನೊಂದು ಮನೆಗೂ ಹೇಳಿದೆ. ಕೊನೆಗೆ ನಮ್ಮಮ್ಮನಿಗೂ. ನಿನ್ನ ಜೀವದ ಗೆಳತಿ ಬಂದು ಹೇಳಿದರೆ ಯಾರು ತಾನೆ ಅನುಮಾನಪಡುತ್ತಾರೆ? ಯಾರು ಹೋದರು ಎಂದು ಒಬ್ಬರು ಕೇಳಿದರು. ಊರ ಕಡೆ ಯಾರೋ ಎಂದೆ. ಸೂತಕದ ಮನೆಯಲ್ಲಿ ಕುಂಕುಮ ಇಡಿಸಿಕೊಳ್ಳುವ ಹಾಗಿಲ್ಲ, ಬಾಗಿಲಿಗೆ ಹೋಗಿ ನಿಮ್ಮಲ್ಲಿ ಸೂತಕವೇ ಎಂದು ಕೇಳುವ ಹಾಗೂ ಇಲ್ಲ. ಹತ್ತು ವರ್ಷದ ಹುಡುಗಿಗೆ ಇದೆಲ್ಲ ಹೇಗೆ ಹೊಳೆಯಿತೋ... ಹೊಳೆಯಿತು, ಅಷ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ನಿಮ್ಮವ್ವ ಹಸಿರು ಸೀರೆ ಉಟ್ಟು ಗೇಟಿನ ಹತ್ತಿರ ನಿಂತಿದ್ದನ್ನು ಕಿಟಕಿಯಿಂದ ನೋಡಿದೆ. ಒಳಗೆ ಹೋದರು, ಮತ್ತೆ ಬಂದರು. ಆಮೇಲೆ ನೀನು ನಮ್ಮ ಬಾಗಿಲಿಗೆ ಬಂದೆ. ಅಮ್ಮ ಹಿತ್ತಲಲ್ಲಿದ್ದರು. "ಪದ್ಮಾ, ನೀನರ ಬಾ" ಎಂದೆ. ಹೊಟ್ಟೆನೋವು ಎಂದು ಕದ ಹಾಕಿಕೊಂಡೆ.

ಮರುದಿನದಿಂದ ನಿಮ್ಮವ್ವ ಯಾರ ಮನೆಗೂ ಬರಲಿಲ್ಲ. ಸೂತಕವಲ್ಲವೇ, ಹೇಗೆ ಬಂದಾರು, ಎಂದುಕೊಂಡಿತು ಬೀದಿ. ಮುಂದಿನ ದಸರೆಗೆ ಮೊದಲೇ ನಿಮಗೆ ಮತ್ತೆ ವರ್ಗವಾಯಿತು. ನಿಮ್ಮಂಥ ಶರಣರ ಮನೆಗಳಲ್ಲಿ ಸೂತಕವನ್ನೇ ಹಿಡಿಯುವುದಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹನ್ನೆರಡು ಮನೆಯವರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ ಎಂದರೆ — ಇರಲಿ, ಬೀದಿಯ ಮೇಲೆ ಹೊರೆಸಿ ನಾನು ಹಗುರಾಗುವುದು ಬೇಡ.

ಹೋದ ವರ್ಷ ಪುಸ್ತಕದ ಸುದ್ದಿ ಕೇಳಿ ನೀನು ಫೋನು ಮಾಡಿದೆ. "ಅವ್ವಗ ತೊಂಬತ್ತಾತು. ಈಗೂ ಕೇಳ್ತಾಳ, ಅವತ್ತು ಯಾಕ ಯಾರೂ ಬರ್ಲಿಲ್ಲ, ನನ್ನಿಂದ ಏನು ತಪ್ಪಾತು ಅಂತ. ನಿನಗೇನರ ನೆನಪೈತೇನು?"

ಮೇಜಿನ ಮೇಲೆ ನಕ್ಷೆ ಹರಡಿತ್ತು. ನಮ್ಮನೆಗೆ ಬಿಳಿ ಬಣ್ಣ ತುಂಬುತ್ತಿದ್ದೆ.

"ಇಲ್ವಲ್ಲ ಗಂಗಾ. ಅಷ್ಟು ಹಿಂದಿನ್ದು ಯಾರಿಗೆ ನೆನಪಿರತ್ತೆ" ಎಂದೆ.

ನಾಲ್ಕು ತಿಂಗಳಲ್ಲಿ ಅವರು ತೀರಿಕೊಂಡರು ಎಂದು ನೀನೇ ತಿಳಿಸಿದೆ. ಒಂದು ಮಾತು ಸಾಕಿತ್ತು. ನನ್ನ ಕೈಯಲ್ಲಿ ಫೋನಿತ್ತು, ನಾಲ್ಕು ತಿಂಗಳಿತ್ತು. ಮರ್ಯಾದೆ ಹೋದೀತು ಎಂದು ಹೆದರಿದೆ — ಎಪ್ಪತ್ತು ದಾಟಿದ ಒಂಟಿ ಮುದುಕಿಗೆ ಎಂಥ ಮರ್ಯಾದೆ, ಯಾರು ನೋಡಲು?

ಹೋದ ವಾರ ಪುಸ್ತಕದವರೆಲ್ಲ ಸೇರಿದಾಗ ಇದನ್ನು ಹೇಳಿದೆ. ಪೂರ್ತಿ ಹೇಳಿದೆ. ನಕ್ಕರು. "ಮಕ್ಕಳಾಟ ಬಿಡೆ ಪದ್ಮಾ, ಅದನ್ನ ಇನ್ನೂ ಇಟ್ಕೊಂಡಿದೀಯಾ?" ಎಂದರು. ಅವರಲ್ಲಿ ಒಬ್ಬರಿಗೂ ಆ ಸಂಜೆಯೇ ನೆನಪಿಲ್ಲ. ಮನೆಗೆ ಬಂದು ದೀಪ ಹಾಕದೆ ಕೂತೆ. ಅದನ್ನು ನೆನಪಿಟ್ಟುಕೊಂಡಿದ್ದವರು ಭೂಮಿಯ ಮೇಲೆ ಮೂರೇ ಜನ. ಈಗ ಇಬ್ಬರು, ಅವರಲ್ಲೂ ಒಬ್ಬಳಿಗೆ ಅರ್ಧ ಮಾತ್ರ ಗೊತ್ತು.

ನಕ್ಷೆಯ ಕೆಳಗೆ ನನ್ನ ಹೆಸರು ಹೊಡೆದುಹಾಕಿ ನಿಮ್ಮವ್ವನ ಹೆಸರು ಬರೆದಿದ್ದೇನೆ. ನಮ್ಮನೆಯ ಬಿಳಿ ಬಣ್ಣ ಕೆರೆದು ಇಟ್ಟಿಗೆ ಬರೆದಿದ್ದೇನೆ. ಅದರಿಂದ ಏನೂ ಸರಿಹೋಗುವುದಿಲ್ಲ ಎಂದು ಗೊತ್ತು. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ, ಕೇಳಬೇಕಾದವರು ಹೋದರು.

ಅವರಿಗೆ ಹೇಳಬೇಕಿದ್ದದ್ದನ್ನು ನಿನಗೆ ಹೇಳುತ್ತೇನೆ. ಅವತ್ತು ಇಳಿಹೊತ್ತಿನಲ್ಲಿ ನಾನು ಬಾಗಿಲು ಬಾಗಿಲಿಗೆ ಹೋದಾಗ ಸರೋಜಮ್ಮ ಜಡೆಗೆ ಹೂ ಮುಡಿಯುತ್ತಿದ್ದರು. ಮೂಲೆಮನೆಯವರು ನಿಮ್ಮವ್ವನಿಗೆಂದು ತಟ್ಟೆಯಲ್ಲಿ ರವಿಕೆಯ ಕಣ ಇಟ್ಟುಕೊಂಡಿದ್ದರು. ನಮ್ಮಮ್ಮ ಪೆಟ್ಟಿಗೆಯಿಂದ ಮದುವೆಯ ಸೀರೆ ತೆಗೆದು ಉಟ್ಟಿದ್ದರು. ನನ್ನ ಮಾತು ಕೇಳಿ, ಪಾಪ ಎಂದು, ಬಿಚ್ಚಿ ಮಡಿಸಿಟ್ಟರು. ಎಲ್ಲರೂ ನಿಮ್ಮ ಮನೆಗೆ ಹೊರಟಿದ್ದರು, ಗಂಗಾ. ಒಬ್ಬರೂ ಬರದೆ ಇರುತ್ತಿರಲಿಲ್ಲ.