ಮಂಜುಳಾ ನಾಲ್ಕು ತಾಲ್ಲೂಕು ತಿರುಗಿ ಕೊಂಡ ಗಾಡಿ

ಹಂಸಭಾವಿಯ ಮಂಜುಳಾ ಬೀಜದ ಕಂಪನಿಯೊಂದರಲ್ಲಿ ಹೊಲಗಳ ಮೇಲ್ವಿಚಾರಕಿ. ರೈತರ ಹೊಲಗಳಲ್ಲಿ ಹೈಬ್ರಿಡ್ ಬೆಂಡೆಯ ಬೀಜ ಬೆಳೆಸುವುದು ಅವಳ ಕೆಲಸ. ಬೆಳಗ್ಗೆ ಗಂಡು ಗಿಡದ ಹೂವು ಕಿತ್ತು, ಹಿಂದಿನ ಸಂಜೆಯೇ ಕೇಸರ ತೆಗೆದಿಟ್ಟ ಹೆಣ್ಣು ಗಿಡದ ಹೂವಿಗೆ ಒಂದೊಂದಾಗಿ ಮುಟ್ಟಿಸಬೇಕು. ಆ ಕಡೆ ಎಲ್ಲರೂ ಅದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ತಳಿ ಬೇರೆಯವರ ಕೈಗೆ ಹೋಗಬಾರದೆಂದು ಕಂಪನಿ ಗಂಡು ಗಿಡಗಳನ್ನು ಒಂದೇ ಹೊಲದಲ್ಲಿ ಹಾಕಿಸುತ್ತದೆ. ಅಲ್ಲಿಂದ ಹೂವಿನ ಬುಟ್ಟಿಗಳನ್ನು ಚಿಕ್ಕೇರೂರು, ರಟ್ಟೀಹಳ್ಳಿ ಕಡೆಯ ಏಳೆಂಟು ಹೊಲಗಳಿಗೆ ಹೊತ್ತಿಗೆ ಸರಿಯಾಗಿ ತಲುಪಿಸಬೇಕು. ಬಿಸಿಲೇರಿದರೆ ಹೂವು ಬಾಡಿ ಕೆಲಸಕ್ಕೆ ಬಾರದು. ಇದಕ್ಕಾಗಿಯೇ ಅವಳು ಮೂವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿತಳು.

ಗಂಡ ಚನ್ನೇಶ ಊರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾನೆ. ಚಿಕ್ಕಂದಿನಲ್ಲಿ ಜಾಲಿಮುಳ್ಳು ಬಡಿದು ಅವನ ಬಲಗಣ್ಣು ಹೋಗಿತ್ತು. ಗಾಡಿ ಓಡಿಸುವ ಆಸೆಯನ್ನು ಅವನು ಆಗಲೇ ಬಿಟ್ಟಿದ್ದ. ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತು ಎಲ್ಲಿಗೆ ಬೇಕಾದರೂ ಹೋಗುತ್ತಿದ್ದ.

ಅವರ ಹಳೆಯ ಡೀಸೆಲ್ ಕಾರು ಹದಿನೈದು ವರ್ಷದ್ದು. ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಗ್ಗೆ ಅದು ಚಿಕ್ಕೇರೂರಿನ ಆಚೆ, ಎರೆಮಣ್ಣಿನ ಹಾದಿಯಲ್ಲಿ ನಿಂತಿತು. ಆ ದಿನ ಮತ್ತೆ ಹೊರಡಲಿಲ್ಲ. ಜೊತೆಗಿದ್ದ ಕೆಲಸದ ಮಾದೇವಿ ಎರಡು ಬುಟ್ಟಿ ಹೊತ್ತಳು, ಮಂಜುಳಾ ಎರಡು ಹೊತ್ತಳು. ಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಭಾರವಾಯಿತು. ಹೊಲ ಮುಟ್ಟಿದಾಗ ಹನ್ನೊಂದು ದಾಟಿತ್ತು. ಕ್ರಾಸಿಂಗಿಗೆ ಬಂದ ಇಪ್ಪತ್ತೆರಡು ಹೆಣ್ಣುಮಕ್ಕಳು ಬದುವಿನ ಮೇಲೆ ಕೂತು ಕಾಯುತ್ತಿದ್ದರು. ಒಬ್ಬಳು ಎದ್ದು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ ನೋಡಿ, ಮತ್ತೆ ಮುಚ್ಚಿದಳು.

ಬೆಂಡೆ ಗಿಡ ಸುಮಾರು ದಿನಕ್ಕೊಂದರಂತೆ, ಗೆಣ್ಣಿಗೊಂದು ಹೂವು ಬಿಡುತ್ತದೆ. ಆ ದಿನದ ಹೂವು ಕಾಯಿಕಟ್ಟದೆ ಉದುರಿತು. ಮುಂದೆ ಕೊಯ್ಲಿನವರೆಗೂ ಆ ಹೊಲದ ಸಾಲುಸಾಲು ಗಿಡಗಳಲ್ಲಿ, ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಒಂದು ಗೆಣ್ಣು ಬರಿದಾಗಿ ಕಾಣುತ್ತಿತ್ತು. ಮಂಜುಳಾ ಅದನ್ನು ದಿನವೂ ನೋಡಬೇಕಾಯಿತು.

“ಇನ್ನ ಈ ಗಾಡಿ ಸಾಕು,” ಎಂದಳು ಚನ್ನೇಶನಿಗೆ. “ಎತ್ತರದ ಗಾಡಿ ಬೇಕ್ರಿ. ದೊಡ್ಡದು ಬ್ಯಾಡ, ನಮ್ಮ ಓಣ್ಯಾಗ ತಿರುಗಂಗಿಲ್ಲ. ನಡಬರಕ ನಿಲ್ಲಬಾರದು, ಅಷ್ಟ.”

ಇಬ್ಬರೂ ಒಂದು ಷೋರೂಮಿಗೆ ಹೋದರು. ಅಲ್ಲಿನ ಹುಡುಗ ಚನ್ನೇಶನ ಮುಂದೆ ನಿಂತು ಮೈಲೇಜು, ಏರ್‌ಬ್ಯಾಗು, ದೊಡ್ಡ ಸ್ಕ್ರೀನು ಎಲ್ಲ ವಿವರಿಸಿದ. ಚನ್ನೇಶ ತಲೆಯಾಡಿಸುತ್ತ ಕೇಳಿದ. ಹುಡುಗ ಚಾಬಿ ಕೊಟ್ಟಾಗ ಅದನ್ನು ತಗೊಂಡು ಹೆಂಡತಿಯ ಕೈಗಿಟ್ಟ. ಹುಡುಗ ಒಂದು ಗಳಿಗೆ ತಡವರಿಸಿ, ಮಾತನ್ನು ಮತ್ತೆ ಮೊದಲಿನಿಂದ ಶುರುಮಾಡಿದ.

“ಇದನ್ನ ನಮ್ಮ ಹೊಲದ ಹಾದ್ಯಾಗ ಓಡಿಸಿ ನೋಡ್ಲೇನ್ರಿ?” ಎಂದು ಮಂಜುಳಾ ಕೇಳಿದಳು.

“ಹೊಲಕ್ಕ ಒಯ್ಯಾಕ ಬರಂಗಿಲ್ಲ ಮೇಡಂ. ಬೈಪಾಸ್‌ ತನಕ ಹೋಗಿ ಬರಬಹುದು.”

ಬೈಪಾಸಿನ ಡಾಂಬರಿನ ಮೇಲೆ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಎರಡನೆಯ ಷೋರೂಮಿನಲ್ಲೂ ಇದೇ ಆಯಿತು. ಇನ್ನು ಕೊಂಡವರನ್ನೇ ಕೇಳುವುದು ಎಂದು ಮಂಜುಳಾ ತೀರ್ಮಾನಿಸಿದಳು. ಮುಂದಿನ ಎರಡು ತಿಂಗಳು, ಬಿಡುವಾದ ಭಾನುವಾರಗಳಲ್ಲಿ, ರಿಪೇರಿಯಾಗಿ ಬಂದ ಹಳೆಯ ಗಾಡಿಯನ್ನು ಹೊಲದ ಕೆಲಸಕ್ಕಷ್ಟೇ ಉಳಿಸಿ, ಗಂಡಹೆಂಡತಿ ಬಸ್ಸು ಹಿಡಿದು ತಿರುಗಿದರು.

ಶಿಗ್ಗಾಂವದಲ್ಲಿ ಕಾಳಿನ ವ್ಯಾಪಾರಿ ಉಳವಪ್ಪನವರು ಚನ್ನೇಶನಿಗೆ ದೂರದ ಸಂಬಂಧಿ. ಅವರು ತಮ್ಮ ಗಾಡಿಯನ್ನು ಬಾಯಿತುಂಬ ಹೊಗಳಿದರು. ಹುಬ್ಬಳ್ಳಿಗೆ ಹೋಗಿಬಂದರೂ ಮೈಕೈ ನೋಯುವುದಿಲ್ಲವಂತೆ. ಮಂಜುಳಾ ಎಲ್ಲ ಕೇಳಿಕೊಂಡು, “ಹೈವೇ ಬಿಟ್ಟು ಎಲ್ಲ್ಯಾರ ಹೋಗಿದ್ರೇನ್ರಿ?” ಎಂದಳು. ಉಳವಪ್ಪ ಯೋಚಿಸಿದರು. “ಇಲ್ಲವ. ಹೊಲಕ್ಕ ಟ್ರ್ಯಾಕ್ಟರ್ ಐತಲ್ಲ,” ಎಂದರು.

ಸವಣೂರಿನ ಡಾಕ್ಟರ್ ಸುಹಾನಾ ಷೋರೂಮಿನ ಆ ದೊಡ್ಡ ಸ್ಕ್ರೀನಿನ ಗಾಡಿಯನ್ನೇ ಇಟ್ಟಿದ್ದರು. ವಾರಕ್ಕೆ ಮೂರು ದಿನ ಹಳ್ಳಿಗಳಿಗೆ ಹೋಗುವವರು. ಮಂಜುಳಾಳ ಪ್ರಶ್ನೆಗೆ ಅವರು ಬಹಳ ಹೊತ್ತು ಸುತ್ತಿಬಳಸಲಿಲ್ಲ.

“ಸೀಟು ಛಲೋ ಅದಾವ ಅಕ್ಕಾರ, ಸುಳ್ಳ್ಯಾಕ ಹೇಳ್ಲಿ. ಆದ್ರ ಮಳಿಗಾಲದಾಗ ಒಂದ್ ಸಣ್ಣ ಸೆನ್ಸರ್ ಕೆಟ್ಟು ಹನ್ನೊಂದು ದಿನ ಗ್ಯಾರೇಜಿನಾಗ ನಿಂತಿತ್ತು. ಸಾಮಾನು ಬೆಂಗಳೂರಿಂದ ಬರಬೇಕಂತ. ನಾ ಅಷ್ಟು ದಿನ ಆಟೋದಾಗ ಅಡ್ಡಾಡಿದೆ.”

ಹನ್ನೊಂದು ದಿನ ಎಂದರೆ ಮಂಜುಳಾಳ ಲೆಕ್ಕದಲ್ಲಿ ಹನ್ನೊಂದು ಗೆಣ್ಣು. ಅವಳು ಚಹಾ ಕುಡಿದು ಎದ್ದಳು.

ಕೊನೆಗೆ ಹಾನಗಲ್ಲಿನ ಪರಮೇಶ್ವರಪ್ಪ. ಹಳೆಯ ಕಾರನ್ನು ಇಷ್ಟು ವರ್ಷ ಉಸಿರಾಡಿಸಿಕೊಂಡು ಬಂದ ಮೆಕ್ಯಾನಿಕ್ ಅವನೇ. ಯಾವ ಗಾಡಿ ತಗೊಳ್ಳಲಿ ಎಂದು ಕೇಳಿದರೆ ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಕ್ಕ.

“ನನ್ನ ಯಾಕ ಕೇಳ್ತೀರಿ ಅಕ್ಕಾರ. ನಾಳೆ ಅದು ಕೆಟ್ರ ನನ್ನ ಮ್ಯಾಲ ಬರತೈತಿ. ಇಲ್ಲೇ ಕುಂತ್ಕೊರಿ. ಯಾವ ಗಾಡಿ ಯಾಕ ಬರತೈತಿ ನೀವ ನೋಡ್ರಿ.”

ಅವಳು ನಿಜವಾಗಿಯೂ ಕೂತಳು. ಒಂದೇ ದಿನವಲ್ಲ, ಮೂರು ಭಾನುವಾರ. ಗ್ಯಾರೇಜಿನ ಮುಂದಿನ ಕಲ್ಲುಬೆಂಚಿನ ಮೇಲೆ, ಚೂಡಾ ಗಿರ್ಮಿಟ್ ತಿನ್ನುತ್ತ, ಬಂದ ಒಂದೊಂದು ಗಾಡಿಯ ಮಾಲೀಕರನ್ನೂ ವಿಚಾರಿಸಿದಳು. ಮೊದಮೊದಲು ಸಂಕೋಚಪಟ್ಟ ಚನ್ನೇಶ ಆಮೇಲೆ ಅವರಿಗೆ ಚಹಾ ತರಿಸಿಕೊಡುವ ಕೆಲಸ ಹಿಡಿದ. ಒಂದು ಬಗೆಯ ಗಾಡಿ ಮಾತ್ರ ಆಯಿಲ್ ಬದಲಿಸುವುದಕ್ಕಷ್ಟೇ ಬರುತ್ತಿತ್ತು. ನೋಡಲು ಸಪ್ಪೆ, ಪೆಟ್ರೋಲಿನದು, ಗೇರು ಕೈಯಲ್ಲೇ ಹಾಕಬೇಕು. ಹಾಲಿನ ಡೇರಿಯ ಕಾರ್ಯದರ್ಶಿಯೊಬ್ಬರು ತಮ್ಮದನ್ನು ಅವಳ ಕೈಗೆ ಕೊಟ್ಟು ತಾವೇ ಹಿಂದೆ ಕೂತರು. ಮಳೆ ನಿಂತು ಒಂದು ದಿನವಾಗಿತ್ತು. ಭತ್ತದ ಗದ್ದೆಗಳ ನಡುವಿನ ರಾಡಿ ಹಾದಿಯಲ್ಲಿ ಮಂಜುಳಾ ಅದನ್ನು ಎರಡು ಸಲ ನಿಲ್ಲಿಸಿ ಮತ್ತೆ ಎಬ್ಬಿಸಿದಳು. ಎರಡು ಸಲವೂ ಅದು ಸುಮ್ಮನೆ ಹೊರಟಿತು.

ಬಸ್ಸಿನಲ್ಲಿ ಮರಳುವಾಗ ಚನ್ನೇಶ, “ಇದಕ್ಕ ಸನ್‌ರೂಫ್ ಇಲ್ಲಲ್ಲ,” ಎಂದ.

“ಅದೆದಕ್ಕರಿ? ಧೂಳು ಬೀಳಾಕ?”

ಅವನು ಕಿಟಕಿಯ ಕಡೆ ನೋಡುತ್ತ ಹೇಳಿದ: “ನಿನ್ನ ಕಡೆದ್ದು ನನಗ ಕಾಣಂಗಿಲ್ಲ. ಇಷ್ಟು ವರ್ಷ ಎಡಗಡಿ ಹೊಲ ಅಷ್ಟ ನೋಡ್ಕೋತ ಬಂದೇನಿ. ಮ್ಯಾಲಿನ ಮುಗಿಲರ ಕಾಣ್ತೈತಿ ಅನ್ಕೊಂಡಿದ್ದೆ.”

ಇಷ್ಟು ವರ್ಷ ಜೊತೆಗೆ ಕೂತವನು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಆ ವಾರವೆಲ್ಲ ಅವಳು ಸನ್‌ರೂಫ್ ಇರುವ ಗಾಡಿಗಳನ್ನು ಮತ್ತೊಮ್ಮೆ ವಿಚಾರಿಸಿದಳು, ಪರಮೇಶ್ವರಪ್ಪನಿಗೂ ಫೋನು ಮಾಡಿದಳು. ಸಪ್ಪೆ ಗಾಡಿಗೆ ಅದು ಬರುವುದಿಲ್ಲ. ಬರುವ ಗಾಡಿಗಳನ್ನೆಲ್ಲ ಅವಳು ಗ್ಯಾರೇಜಿನ ಮುಂದೆ ಬಾನೆಟ್ ಎತ್ತಿ ನಿಂತದ್ದನ್ನೇ ನೋಡಿದ್ದಳು.

“ಬರಂಗಿಲ್ಲಂತ್ರಿ,” ಎಂದಳು ಕೊನೆಗೆ. “ಆದ್ರೂ ನಾ ಆ ಗಾಡೀನ ತಗೋತೇನಿ.”

“ತಗೋ,” ಎಂದ ಚನ್ನೇಶ. “ಓಡ್ಸಾಕಿ ನೀನು.”

ಗಾಡಿ ತರುವ ದಿನ ಷೋರೂಮಿನವರು ರಟ್ಟಿನ ದೊಡ್ಡ ಚಾಬಿಯೊಂದನ್ನು ಫೋಟೋಗಾಗಿ ಚನ್ನೇಶನ ಕೈಗೇ ಕೊಟ್ಟರು. ಈ ಸಲ ಅವನು ಅದನ್ನು ಹೆಂಡತಿಗೆ ದಾಟಿಸಲಿಲ್ಲ. ಎದೆಗೆ ಹಿಡಿದು, ಹೊಸ ಅಂಗಿಯಲ್ಲಿ ನೆಟ್ಟಗೆ ನಿಂತ. ಮಂಜುಳಾ ಪಕ್ಕದಲ್ಲಿ ನಿಂತು ಕ್ಯಾಮೆರಾ ನೋಡಿದಳು. ನಿಜವಾದ ಚಾಬಿ ಅವಳ ಪರ್ಸಿನಲ್ಲಿತ್ತು.

ಗಾಡಿ ಬಂದು ಈಗ ವರ್ಷ ತುಂಬಿದೆ. ಅದರ ಹಿಂದಿನ ಸೀಟಿನ ಬಟ್ಟೆ ಈಗಾಗಲೇ ಎರೆಮಣ್ಣಿನ ಬಣ್ಣಕ್ಕೆ ತಿರುಗಿದೆ. ಅವಳು ಬೆಂಚಿನ ಮೇಲೆ ಕೂತ ಸುದ್ದಿ ಪರಮೇಶ್ವರಪ್ಪನಿಂದ ಹೇಗೋ ಸುತ್ತಲೆಲ್ಲ ಹಬ್ಬಿ, ಹೊಸ ಗಾಡಿ ಕೊಳ್ಳುವವರು ಹಂಸಭಾವಿಗೆ ಬರತೊಡಗಿದ್ದಾರೆ. ಮೊನ್ನೆ ಹಿರೇಕೆರೂರಿನಿಂದ ಶಿವಯೋಗಿ ಎಂಬ ಬಟ್ಟೆ ಅಂಗಡಿಯವರು ಬಂದಿದ್ದರು. ಫೋನಿನಲ್ಲಿ ಆರು ಗಾಡಿಗಳ ವಿವರ ಬರೆದುಕೊಂಡಿದ್ದರು.

ಮಂಜುಳಾ ಅದನ್ನು ನೋಡಲಿಲ್ಲ. “ದಿನಾ ಎಲ್ಲಿಗೆ ಹೋಗ್ತೀರ್ರಿ?” ಎಂದು ಕೇಳಿದಳು.

“ಅಂಗಡಿಗೆ.”

“ಮನಿ ಎಲ್ಲೈತ್ರಿ?”

“ಅಂಗಡಿ ಮ್ಯಾಲಿನ ಮಹಡ್ಯಾಗ.”

ಗಿರಣಿಯಿಂದ ಬಂದ ಚನ್ನೇಶ ಮೈಮೇಲಿನ ಹಿಟ್ಟು ಕೊಡವಿಕೊಂಡು ಚಹಾ ತಂದಿಟ್ಟ. ಶಿವಯೋಗಿ ಚಹಾ ಕುಡಿದು, ಫೋನು ಕಿಸೆಗಿಟ್ಟು, ಇನ್ನೊಂದು ಸಲ ಬರುತ್ತೇನೆಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅವರಿನ್ನೂ ಗಾಡಿ ಕೊಂಡಿಲ್ಲ.